ಸೌತೆಕಾಯಿ ಬಾರದ ಮನೆ

“ಸಗಾ ಮಾಮಾ? ಹೆತ್ತ ತಾಯಿಯ ಬೆನ್ನಿಗೆ ಬಿದ್ದ ತಮ್ಮ? ಅಗೋ ಬಾಯಿ, ಅವನೆಂದರೆ ಅಪ್ಪನ ಸಮಾನ!”

ಮಂದಾತಾಯಿ ಹೀಗೆ ಮರಾಠಿಯಲ್ಲಿ ಕೂಗಿಕೊಂಡಾಗ ರಂಗೂಬಾಯಿಯ ಕೈಯಲ್ಲಿ ಚಹಾದ ಟ್ರೇ ಇತ್ತು. ಟ್ರೇಯಲ್ಲಿ ನಾಲ್ಕು ಕಪ್ಪು, ಒಂದು ಬಟ್ಟಲ ತುಂಬ ಹಚ್ಚಿದ ಅವಲಕ್ಕಿ, ಸಂಕ್ರಾಂತಿಯಿಂದ ಉಳಿದ ಒಂದಿಷ್ಟು ಕುಸುರೆಳ್ಳು. ಬೀಗತಿ ಭೋರ್‌ನಿಂದ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಬಂದಿದ್ದಾರೆ, ಬಸುರಿ ಮಗಳನ್ನು ನೋಡಲು ಬಂದಿರಬೇಕು ಎಂದು ಅವಳು ಸಂಭ್ರಮದಿಂದ ಹಾಲು ಹೆಚ್ಚಿಗೆ ಹಾಕಿ ಚಹಾ ಮಾಡಿದ್ದಳು. ಈಗ ನೋಡಿದರೆ ಬೀಗತಿಯ ಕಣ್ಣು ರಂಗೂಬಾಯಿಯ ಮುಖದಿಂದ ಸೋಫಾದ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ ಅವಳ ಗಂಡ ಬಿಂದುಮಾಧವರ ಮುಖಕ್ಕೆ, ಅಲ್ಲಿಂದ ಮತ್ತೆ ಇತ್ತ, ಹೀಗೆ ಓಡಾಡುತ್ತಿತ್ತು. ಇಬ್ಬರ ಮೂಗೂ ಒಂದೇ ತರಹ ಇದೆಯಲ್ಲ ಎಂಬುದು ಅವರಿಗೆ ಇವತ್ತೇ ಕಾಣಿಸಿದಂತಿತ್ತು.

ಆದದ್ದಿಷ್ಟು. ಹಿಂದಿನ ವರ್ಷ ಸೊಸೆ ಸಾಯಲಿಗೆ ಒಂದು ಗರ್ಭ ನಿಂತಿರಲಿಲ್ಲ. ಈಗ ನಾಲ್ಕು ತಿಂಗಳು. ಡಾಕ್ಟರು ಈ ಸಲ ಎಲ್ಲ ನೋಡೋಣ ಎಂದು ಗಂಡಹೆಂಡಿರನ್ನು ಮನೆತನದ ಕಾಯಿಲೆ ಕಸಾಲೆ ವಿಚಾರಿಸುವ ಒಬ್ಬ ಡಾಕ್ಟರಬಾಯಿಯ ಹತ್ತಿರ ಕಳಿಸಿದ್ದರು. ಅವಳು ಕೇಳಿದಳು, ಮಗ ವಿಕ್ರಮ ಹೇಳಿದ: ನನಗೊಬ್ಬ ಅಣ್ಣ ಇದ್ದ, ಸದಾನಂದ ಅಂತ, ಕಿವಿ ಕೇಳುತ್ತಿರಲಿಲ್ಲ, ಮಾತು ಬರಲಿಲ್ಲ, ಏಳು ವರ್ಷದವನಿದ್ದಾಗ ಜ್ವರ ಬಂದು ಹೋದ. ತಂದೆತಾಯಿ ಸಂಬಂಧಿಕರೋ ಎಂದದ್ದಕ್ಕೆ, “ಹಾಂ, ಅಮ್ಮ ನಮ್ಮಪ್ಪನ ಅಕ್ಕನ ಮಗಳು” ಎಂದ. ಬಸ್ಸಿನ ನಂಬರು ಹೇಳಿದಷ್ಟೇ ಸಲೀಸಾಗಿ ಹೇಳಿದ. ಪಕ್ಕದ ಕುರ್ಚಿಯಲ್ಲಿದ್ದ ಸಾಯಲಿ ಕುರ್ಚಿಯ ಕೈ ಹಿಡಿದುಕೊಂಡಳು. ಸಂಜೆಗೆ ಭೋರ್‌ಗೆ ಫೋನು ಹೋಯಿತು. ಬೆಳಿಗ್ಗೆ ತಾಯಿ ಬಂದರು.

ರಂಗೂಬಾಯಿ ಟ್ರೇ ಕೆಳಗಿಟ್ಟಳು. ನಲವತ್ತು ವರ್ಷ ಪುಣೆಯಲ್ಲಿದ್ದು ಅವಳ ಮರಾಠಿ ಮಾರ್ಕೆಟ್ಟಿನಲ್ಲಿ ಚೌಕಾಶಿ ಮಾಡುವಷ್ಟು ಚುರುಕಾಗಿತ್ತು. ಆದರೆ ಸಿಟ್ಟು ಬಂದರೆ ಮಾತ್ರ ಬಾಯಿಗೆ ಧಾರವಾಡವೇ ಬರುವುದು.

“ಹೌದ್ರಿ, ನಮ್ಮ ಬಿಂದೂಮಾಮಾನ್ನ ಮಾಡ್ಕೊಂಡೀನಿ. ಮನ್ಯಾಗ ಮಾಮಾ ಇದ್ದಾಗ ಹೊರಗ ಯಾಕ ಹುಡುಕಬೇಕು? ಸೊಸಿಯಾಗಿ ಪರರ ಮನಿಗೆ ಹೋಗಲಿಲ್ಲ ನಾ, ನಮ್ಮಜ್ಜಿ ಮನಿಗೆ ಹೋದೆ. ಮದುವಿ ದಿನಾ ಹುಡುಗ್ಯಾರು ಅಳ್ತಾರ. ನಾ ನಗಕೋತ ಟಾಂಗಾ ಹತ್ತಿದಾಕಿ.”

“ಏನಂತಾಳೆ?” ಎಂದರು ಮಂದಾತಾಯಿ ಮಗಳ ಕಡೆ ತಿರುಗಿ.

“ನಕ್ಕೋತ ಹೋದೆ ಅಂತಾರೆ,” ಎಂದಳು ಸಾಯಲಿ.

“ನಕ್ಕೋತ!” ಮಂದಾತಾಯಿ ಸೆರಗನ್ನು ಬಾಯಿಗೆ ಹಚ್ಚಿದರು. “ಮಾಮಾನ ಮಗ ಆದರೆ ಸರಿ. ಆತ್ಯಾನ ಮಗ ಆದರೂ ಸರಿ. ಮಾಮಾನೇ? ಶೀ!”

ಆ ‘ಶೀ’ ರಂಗೂಬಾಯಿಯ ಮೈಮೇಲೆ ಬಿದ್ದ ಬಿಸಿ ಎಣ್ಣೆಯ ಹನಿಯಂತಾಯಿತು. ಎಪ್ಪತ್ತು ವರ್ಷ ಬದುಕಿದವಳಿಗೆ, ಅದರಲ್ಲಿ ಐವತ್ತು ವರ್ಷ ಮುತ್ತೈದೆಯಾಗಿ ಉಡಿ ತುಂಬಿಸಿಕೊಂಡವಳಿಗೆ, ತನ್ನ ಮದುವೆಯ ಮುಂದೆ ಯಾರಾದರೂ ಮೂಗು ಮುಚ್ಚಬಹುದು ಎಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಬಿಂದುಮಾಧವರು ಸಾವಕಾಶವಾಗಿ ಕಿವಿಯ ಮಷಿನ್ನು ತೆಗೆದು ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದರು. ಮನೆಯಲ್ಲಿ ದನಿ ಏರಿತೆಂದರೆ ಅವರ ರೂಢಿ ಅದು.

“ಆಯಿ,” ಎಂದಳು ಸಾಯಲಿ ಅತ್ತೆಗೆ. ಈ ಮನೆಯ ಕನ್ನಡವನ್ನು ಅವಳು ಮೂರು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದಳು. “ನಿಮ್ಮ ಚಟ್ನಿಪುಡಿಗೆ ಎಷ್ಟು ಮೆಣಸಿನಕಾಯಿ ಅಂತ ನಂಗ ಗೊತ್ತದ. ಕಪಾಟಿನ ಕೀಲಿ ಎಲ್ಲದ ಅಂತ ಗೊತ್ತದ. ಇದನ್ನ ಒಬ್ಬರೂ ಹೇಳಲಿಲ್ಲ. ದವಾಖಾನಿಯೊಳಗ, ಗುರ್ತಿಲ್ಲದಾಕಿ ಮುಂದ ಕೂತು ಕೇಳಬೇಕಾತು.”

“ಕೇಳಿದ್ರ ಹೇಳ್ತಿದ್ವಿ ಅಲ್ಲವಾ?”

“ಅತ್ತಿ ಮಾವ ಮದುವಿಕಿಂತ ಮೊದ್ಲ ಒಬ್ಬರಿಗೊಬ್ಬರು ಏನಾಗಬೇಕಿತ್ತು ಅಂತ ಯಾರರೆ ಕೇಳ್ತಾರೇನು?”

ಚಹಾ ಆರಿತು. ಮಧ್ಯಾಹ್ನದ ಹೊತ್ತಿಗೆ ಸಾಯಲಿ ಎಂಟು ದಿನದ ಬಟ್ಟೆ ತುಂಬಿಕೊಂಡು ತಾಯಿಯ ಜೊತೆ ಹೊರಟಳು. ಚಪ್ಪಲಿ ಮೆಟ್ಟುವಾಗ ರಂಗೂಬಾಯಿ ತಡೆಯಲಾರದೆ ಅಂದಳು:

“ಹೋಳಿ ಹುಣ್ಣಿವಿ ದಿನಾ ಗ್ರಹಣ ಅದವಾ. ಅಷ್ಟರಾಗ ಬಂದುಬಿಡು. ಗ್ರಹಣದಾಗ ಚಾಕು, ಕತ್ತರಿ, ಏನೂ ಮುಟ್ಟಬ್ಯಾಡ. ಸೂಜಿ ಸುದ್ದಾ ಹಿಡೀಬ್ಯಾಡ.”

“ನಮ್ಮ ಭೋರ್‌ನಲ್ಲೂ ಗ್ರಹಣ ಗೊತ್ತು ವಿಹಿಣಬಾಯಿ,” ಎಂದರು ಮಂದಾತಾಯಿ. “ನಮಗೆ ಗೊತ್ತಿಲ್ಲದಿದ್ದದ್ದು ನಿಮ್ಮ ಮನೆ.”

*

ಎಂಟು ದಿನ ಹತ್ತಾಯಿತು. ಸಾಯಲಿ ಬರಲಿಲ್ಲ. ದಿನಾ ವಿಕ್ರಮನಿಗೆ ಫೋನು ಮಾಡುವಳು. ಅತ್ತೆಯ ಸುದ್ದಿ ಕೇಳಲಿಲ್ಲ.

ವಿಕ್ರಮ ಆಫೀಸಿನಿಂದ ಬಂದವನೇ ಊಟದ ತಾಟಿನ ಮುಂದೆ ಕೂತು ಭಕ್ಕರಿ ಮುರಿಯುತ್ತಾ ಹರಿಹಾಯ್ದ.

“ನೀ ಅಲ್ಲೆ ನಕ್ಕೋತ ಹೋದೆ ಪಕ್ಕೋತ ಹೋದೆ ಅಂತ ಯಾಕ ಹೇಳಬೇಕಿತ್ತು ಅಮ್ಮಾ? ಸುಮ್ಮನಿದ್ರ ಆಗ್ತಿತ್ತು.”

“ಸುಮ್ಮನಿರಾಕ ನಾ ಕಳವು ಮಾಡೀನೇನು?”

“ಕಳವಲ್ಲ. ಅವರಿಗೆ ಹೊಸಾದು.”

“ಅವರಿಗೆ ಹೊಸಾದಿದ್ರ ನೀನs ಹೇಳಬೇಕಿತ್ತು ಲಗ್ನಕ್ಕ ಮೊದ್ಲ! ಅಷ್ಟು ದಿನಾ ಕೆಫೆಯೊಳಗ ಕೂತು ಏನು ಮಾತಾಡಿದ್ರಿ ಇಬ್ಬರೂ?”

ವಿಕ್ರಮ ಝುಣಕದಲ್ಲಿ ಭಕ್ಕರಿ ಅದ್ದಿದ. “ನಂಗ ನೆನಪs ಬರಲಿಲ್ಲ. ಅದು ನೆನಪಿಡೋ ವಿಷಯ ಅಂತ ನಂಗೆಲ್ಲಿ ಗೊತ್ತು?”

ಭಾನುವಾರ ಮಗಳು ಮಂಜರಿ ವಾರ್ಜೆಯಿಂದ ಸ್ಕೂಟಿ ಹಾಕಿಕೊಂಡು ಬಂದಳು. ಬಂದವಳು ತಾಯಿಯ ಪರ ಮಾತಾಡಿಯಾಳು ಎಂದು ರಂಗೂಬಾಯಿ ಮೆಂತ್ಯದ ಹಿಟ್ಟಿಗೆ ತುಪ್ಪ ಹಾಕಿ ಕೊಟ್ಟಳು. ಮಂಜರಿ ಹಿಟ್ಟು ತಿಂದು, ಬೆರಳು ನೆಕ್ಕಿ, ಪರ ಬದಲಿಸಿದಳು.

“ಸಾಯಲೀದೇನು ತಪ್ಪು? ನಂಗೂ ಸಾಲಿಯೊಳಗ ಎಲ್ಲಾರೂ ನಕ್ಕಿದ್ರು. ಆವತ್ತಿಂದ ನಾ ಯಾರ ಮುಂದೂ ಹೇಳಿಲ್ಲ. ನನ್ನೂ ಹುಬ್ಬಳ್ಳಿ ಮಾಮಾಗ ಕೊಡಬೇಕಂತ ಕೂತಿದ್ರಿ ನೀವು.”

“ಅಂವಾ ಏನು ಕಡಿಮಿ ಇದ್ದ?”

“ಅಮ್ಮಾ! ನಾ ಅಂವನ ತೊಡಿ ಮ್ಯಾಲೆ ಕೂತು ಫೇಡೆ ತಿಂದಾಕಿ.”

“ನಾನೂ ಇವರ ಸೈಕಲ್ ದಂಡಿ ಮ್ಯಾಲೆ ಕೂತು ಸಾಲಿಗೆ ಹೋದಾಕೀನs. ನಂಗೇನಾತು?”

ಮಂಜರಿ ಏನೋ ಹೇಳಲು ಬಾಯಿ ತೆರೆದವಳು ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಸದಾನಂದನ ಫೋಟೋ ಇತ್ತು. ಅರ್ಧ ಚಡ್ಡಿ, ಬಾಚಿದ ಕ್ರಾಪು, ಫೋಟೋ ತೆಗೆಯುವವನು ಇತ್ತ ನೋಡು ಎಂದು ಕೂಗಿದ್ದು ಕೇಳದೆ ಬೇರೆಲ್ಲೋ ನೋಡುತ್ತಿದ್ದ ಕಣ್ಣು.

ಆಗಲೇ ಬಾಗಿಲ ಬೆಲ್ಲು ಆಯಿತು. ಅಂಗಡಿಯಿಂದ ತರಕಾರಿ ಬಂದಿತ್ತು. ರಂಗೂಬಾಯಿ ಚೀಲ ಬಿಚ್ಚಿ ಒಂದೊಂದೇ ತೆಗೆದಳು. ಬದನೆಕಾಯಿ, ಹಸಿಮೆಣಸಿನಕಾಯಿ, ತಳದಲ್ಲಿ ಅಂಗಡಿಯವನು ಪುಕ್ಕಟೆ ಹಾಕಿದ ಎರಡು ಸೌತೆಕಾಯಿ. ಹಾವು ಕಂಡವಳಂತೆ ಕೈ ಹಿಂದಕ್ಕೆ ಹೋಯಿತು. ಸೆರಗಿನಲ್ಲಿ ಹಿಡಿದು ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ವಾಚಮನ್ನನ್ನು ಕೂಗಿ ಒಯ್ಯಲು ಹೇಳಿದಳು.

ಈ ಮನೆಗೆ ಸೌತೆಕಾಯಿ ಬರುವುದಿಲ್ಲ. ಯಾಕೆಂದು ಕೇಳಿದರೆ “ನಂಗ ವಾಯು ಆಗ್ತದ” ಎನ್ನುವಳು. ಮಕ್ಕಳು ಹಾಗೆಂದೇ ತಿಳಿದು ಬೆಳೆದಿದ್ದರು. ನಿಜವಾದ ಕಾರಣ ಗೊತ್ತಿದ್ದದ್ದು ರಂಗೂಬಾಯಿಗೆ, ಬಿಂದುಮಾಧವರಿಗೆ, ಮತ್ತು ಎಂದೋ ತೀರಿಹೋದ ಅಜ್ಜಿಗೆ. ಆ ಅಜ್ಜಿಯೇ ಬಿಂದುಮಾಧವರ ತಾಯಿ. ಅಂದರೆ ರಂಗೂಬಾಯಿಗೆ ತಾಯಿಯ ತಾಯಿಯೂ ಅವರೇ, ಅತ್ತೆಯೂ ಅವರೇ.

*

ಮುಂದಿನ ವಾರ ಡಾಕ್ಟರಬಾಯಿ ಮತ್ತೆ ಕರೆಸಿದಳು. ಸಾಧ್ಯವಾದರೆ ಎರಡೂ ಕಡೆಯ ತಾಯಂದಿರನ್ನು ಕರೆತನ್ನಿ ಎಂದಿದ್ದಳಂತೆ. ಕರ್ವೆ ರಸ್ತೆಯ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಒಂದು ಮೇಜಿನ ಈಚೆ, ವಿಕ್ರಮ, ಸಾಯಲಿ, ಅವರ ಎರಡು ಬದಿಗೆ ಇಬ್ಬರು ಬೀಗತಿಯರು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಸಾಯಲಿಯ ಮುಖ ತುಸು ತುಂಬಿಕೊಂಡಿತ್ತು. ರಂಗೂಬಾಯಿ ಕದ್ದು ನೋಡಿ ಸಮಾಧಾನ ಪಟ್ಟಳು.

ಡಾಕ್ಟರಬಾಯಿ ಅಮೃತಸರದವಳು, ಮಂಜರಿಗಿಂತ ಸಣ್ಣ ವಯಸ್ಸು, ಹಿಂದಿಯಲ್ಲೇ ಮಾತು. ಮೇಜಿನ ಮೇಲೆ ದೊಡ್ಡ ಕಾಗದ ಹರಡಿ ತೋರಿಸಿದಳು. ಚೌಕ ಅಂದರೆ ಗಂಡಸು, ಗುಂಡು ಅಂದರೆ ಹೆಂಗಸು. ಮದುವೆಗೆ ನಡುವೆ ಒಂದು ಗೆರೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ.

ರಂಗೂಬಾಯಿ ಕಾಗದದಲ್ಲಿ ತನ್ನನ್ನು ಹುಡುಕಿದಳು. ಅವಳ ಗುಂಡಿಗೂ ಬಿಂದುಮಾಧವರ ಚೌಕಕ್ಕೂ ನಡುವೆ ರೈಲಿನ ಹಳಿಯ ಹಾಗೆ ಎರಡು ಗೆರೆ ಇದ್ದವು. ಉಳಿದೆಲ್ಲ ಕಡೆ ಒಂದೊಂದೇ. ಮಂದಾತಾಯಿಯೂ ಅದನ್ನೇ ನೋಡುತ್ತ ಕುತ್ತಿಗೆ ಎತ್ತಿದರು.

“ಈಗ ನಿಮ್ಮ ಕಡೆ ಹೇಳಿ,” ಎಂದಳು ಡಾಕ್ಟರಬಾಯಿ ಅವರಿಗೆ.

“ನಮ್ಮ ಕಡೆ ಅಂಥದ್ದೇನೂ ಇಲ್ಲ. ನಾನು ನನ್ನ ಆತ್ಯಾನ ಮಗನನ್ನು ಮಾಡಿಕೊಂಡೆ, ಅಷ್ಟೇ.”

ಪೆನ್ನು ನಿಂತಿತು. “ಆತ್ಯಾ ಅಂದರೆ ಅಪ್ಪನ ತಂಗಿ? ಸ್ವಂತ?”

“ಹಾಂ. ಅದು ಹಕ್ಕಿನ ಸಂಬಂಧ. ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.”

ಡಾಕ್ಟರಬಾಯಿ ಮಂದಾತಾಯಿಯ ಗುಂಡಿನಿಂದ ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು ಎಳೆದಳು.

“ಏ, ಏ, ಅದು ಬೇರೆ!” ಮಂದಾತಾಯಿ ಕಾಗದದ ಮೇಲೆ ಕೈ ಇಟ್ಟರು. “ಅಣ್ಣತಂಗಿಯ ಮಕ್ಕಳು ನಾವು. ಇವರ ಹಾಗಲ್ಲ.”

“ಕಾಗದಕ್ಕೆ ಎರಡೂ ಒಂದೇ, ತಾಯಿ. ನಮ್ಮ ಕಡೆ ಅಪ್ಪನ ಗೋತ್ರ, ಅಮ್ಮನ ಗೋತ್ರ ಎರಡನ್ನೂ ಬಿಟ್ಟು ಹುಡುಕಬೇಕು. ನನ್ನ ದಾದಿ, ನಮ್ಮಪ್ಪನ ತಾಯಿ, ಇಲ್ಲಿದ್ದಿದ್ದರೆ ನಿಮ್ಮಿಬ್ಬರನ್ನೂ ನೋಡಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.” ಅವಳು ನಕ್ಕಳು. ವಾತಾವರಣ ಹಗುರ ಮಾಡಲೆಂದೋ ಏನೋ, ಮುಂದುವರಿಸಿದಳು: “ಆದರೆ ಅವಳದ್ದೇನು ಕಡಿಮೆಯೇ? ಮೊದಲ ಗಂಡ ತೀರಿಕೊಂಡಾಗ ತಲೆಯ ಮೇಲೆ ಚಾದರ ಹೊದಿಸಿ ಗಂಡನ ತಮ್ಮನಿಗೇ ಮದುವೆ ಮಾಡಿದರು. ಆ ತಮ್ಮನೇ ನನ್ನ ಅಜ್ಜ.”

“ಮೈದುನಗ?” ಎಂದಳು ರಂಗೂಬಾಯಿ.

“ದೀರಾಶೀ?” ಎಂದರು ಮಂದಾತಾಯಿ, ಅದೇ ಕ್ಷಣಕ್ಕೆ.

ಇಬ್ಬರ ಕೈಗಳೂ ಒಟ್ಟಿಗೇ ಬಾಯಿಯ ಮೇಲೆ ಹೋಗಿದ್ದವು. ಸಾಯಲಿ ಎಂದೂ ನಗದ ಹಾಗೆ ನಕ್ಕುಬಿಟ್ಟಳು, ಹೊಟ್ಟೆ ಹಿಡಿದುಕೊಂಡು. ಇಬ್ಬರೂ ಬೀಗತಿಯರು ಹದಿನೈದು ದಿನದ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು.

ನಗು ನಿಂತ ಮೇಲೆ ಡಾಕ್ಟರಬಾಯಿ ಕಾಗದದ ಮೇಲಿನ ಒಂದು ಪುಟ್ಟ ಚೌಕಕ್ಕೆ ಪೆನ್ನು ಊರಿದಳು. ಅದಕ್ಕೊಂದು ಅಡ್ಡಗೆರೆ ಹಾಕಿತ್ತು. ಸದಾನಂದ.

“ಈ ಮಗುವಿನ ಬಗ್ಗೆ ಹೇಳಿ. ಹುಟ್ಟಿನಿಂದಲೇ ಕೇಳುತ್ತಿರಲಿಲ್ಲವೇ?”

ರಂಗೂಬಾಯಿ ಹಿಂದಿ ಮರಾಠಿ ಕನ್ನಡ ಎಲ್ಲ ಕಲೆಸಿ ಹೇಳತೊಡಗಿದಳು. ಹೊಟ್ಟೆಯ ಮಕ್ಕಳ ಮುಂದೆ ಕೂಡ ಎಂದೂ ಹೇಳದಿದ್ದದ್ದು.

“ಅದು ನನ್ನ ತಪ್ಪು. ಅಂವಾ ಹೊಟ್ಯಾಗ ಐದು ತಿಂಗಳು. ಧಾರವಾಡದಾಗ ಹಗಲೊತ್ತಿನ್ಯಾಗ ಕತ್ತಲಾದಂಥ ದೊಡ್ಡ ಗ್ರಹಣ ಬಂತು. ಕೋಳಿ ಗೂಡಿಗೆ ಹೋದ್ವು. ಮನಿ ಮಂದೆಲ್ಲಾ ಒದ್ದಿ ಬಟ್ಟಿ ಉಟ್ಟು ದೇವರ ಮನ್ಯಾಗ ಕೂತಿದ್ರು. ನಂಗ ಮುಂಜಾನಿಯಿಂದ ಊಟ ಇಲ್ಲ. ಹೊಟ್ಟಿ ಕಿತ್ತು ಬರ್ತಿತ್ತು. ಕತ್ತಲಾತಲ್ಲ, ಯಾರಿಗೂ ಕಾಣೂದಿಲ್ಲ ಅಂತ ಅಡಿಗಿಮನಿಗೆ ಹೋಗಿ ಒಂದು ಸೌತಿಕಾಯಿ ಹೆಚ್ಚಿದೆ. ಉಪ್ಪು ಹಚ್ಚಿ ನಿಂತs ತಿಂದೆ. ಅಷ್ಟರಾಗ ಬೆಳಕಾತು. ನಮ್ಮಜ್ಜಿ ಬಾಗಲದಾಗ ನಿಂತಿದ್ಲು, ನನ್ನ ಕಾಲ ಮುಂದ ಈಳಿಗಿ.”

ರಂಗೂಬಾಯಿ ಕಾಗದದ ಮೇಲಿನ ಆ ಪುಟ್ಟ ಚೌಕದ ಮೇಲೆ ಬೆರಳಿಟ್ಟಳು.

“ಕೂಸು ಹುಟ್ಟಿತು. ತಾಟು ಬಾರಿಸಿದ್ರ ತಿರುಗಿ ನೋಡಲಿಲ್ಲ. ಅಜ್ಜಿ ಅಂದ್ಲು, ನಿನ್ನ ನಾಲಿಗಿ ಚಪಲಕ್ಕ ಅದರ ಕಿವಿ ಹೋತು ಅಂತ. ಸಾಯೋತನಕಾ ಅಂದ್ಲು.”

“ಅಮ್ಮಾ,” ಎಂದ ವಿಕ್ರಮ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಳು. “ಮಾತಾಜಿ, ಸೌತೆಕಾಯಿಯಿಂದ ಯಾವ ಮಗುವಿನ ಕಿವಿಯೂ ಹೋಗುವುದಿಲ್ಲ. ಗ್ರಹಣದಿಂದಲೂ ಇಲ್ಲ. ಒಂದೇ ಮನೆತನದ ರಕ್ತದಲ್ಲಿ ಕಾಣದ ಹಾಗೆ ಒಂದು ದೋಷ ಇರುತ್ತದೆ. ಒಬ್ಬರಲ್ಲಿದ್ದರೆ ಏನೂ ಆಗುವುದಿಲ್ಲ. ತಂದೆತಾಯಿ ಇಬ್ಬರಲ್ಲೂ ಇದ್ದು, ಮಗುವಿಗೆ ಎರಡೂ ಕಡೆಯಿಂದ ಬಂದರೆ ಹೀಗಾಗಬಹುದು. ನಿಮ್ಮ ಮಗ, ಸೊಸೆ ಇಬ್ಬರ ರಕ್ತ ನೋಡೋಣ, ಎರಡು ವಾರದಲ್ಲಿ ತಿಳಿಯುತ್ತದೆ.” ಸ್ವಲ್ಪ ತಡೆದು ಕೇಳಿದಳು: “ಆಗ ಯಾವ ಕಿವಿಯ ಡಾಕ್ಟರಿಗೂ ತೋರಿಸಲಿಲ್ಲವೇ? ಆ ಕಾಲದಲ್ಲೂ ಡಾಕ್ಟರಿಗೆ ಇದು ಗೊತ್ತಿತ್ತು.”

“ಮೀರಜ ದವಾಖಾನಿಗೆ ಒಯ್ದಿದ್ರು ನಮ್ಮ ಮನಿಯವರು. ಯಾರೂ ಏನೂ ಹೇಳಲಿಲ್ಲ,” ಎಂದಳು ರಂಗೂಬಾಯಿ.

ಮಂದಾತಾಯಿ ಲಿಫ್ಟಿನ ಹತ್ತಿರ ಅವಳ ಮೊಣಕೈ ಹಿಡಿದರು. ಆದರೂ ಸಾಯಲಿಯನ್ನು ಮಾತ್ರ ರಿಪೋರ್ಟು ಬರುವತನಕ ಕಳಿಸುವುದಿಲ್ಲವೆಂದು ಭೋರ್‌ಗೆ ಕರೆದುಕೊಂಡೇ ಹೋದರು.

*

ಮಧ್ಯಾಹ್ನದ ಊಟಕ್ಕೆ ರಂಗೂಬಾಯಿ ಗಂಡನಿಗೆ ಅನ್ನ ಬಡಿಸಿ, ಸಾರು ಹಾಕಿ, ಎದುರಿಗೆ ಕೂತು ನಡೆದದ್ದೆಲ್ಲ ಹೇಳಿದಳು. ಮಷಿನ್ನು ಕಿವಿಯಲ್ಲೇ ಇತ್ತು. ಅವರು ತಲೆಯಾಡಿಸುತ್ತ ಕೇಳಿದರು.

“ಆ ಹುಡುಗಿ ಕೇಳ್ತದ ಏನ್ರಿ, ಆಗಿನ ಡಾಕ್ಟರು ಹೇಳಲಿಲ್ಲೇನಂತ. ಯಾರೂ ಹೇಳಿಲ್ಲಂದೆ. ಹೌದಲ್ಲ?”

ಬಿಂದುಮಾಧವರ ಕೈಯಲ್ಲಿದ್ದ ತುತ್ತು ತಾಟಿಗೂ ಬಾಯಿಗೂ ನಡುವೆ ನಿಂತಿತು.

“ಯಾಕ್ರಿ?”

“ಹೇಳಿದ್ದ,” ಎಂದರು ಅವರು.

“ಯಾರು?”

“ಮೀರಜದ ಡಾಕ್ಟರ. ನೀ ಹೊರಗ ಸದೂನ್ನ ಆಡಿಸಿಕೋತ ಕೂತಿದ್ದಿ. ನನ್ನ ಒಳಗ ಕರದ. ಹೆಂಡತಿ ಏನಾಗಬೇಕು ಅಂತ ಕೇಳಿದ. ಅಕ್ಕನ ಮಗಳಂದೆ. ಅದಕ್ಕs ಹಿಂಗಾಗೇದಂದ.”

ಸಾರಿನ ಪಾತ್ರೆಯ ಮೇಲೆ ತಾಟು ಮುಚ್ಚುತ್ತಿದ್ದ ರಂಗೂಬಾಯಿಯ ಕೈ ಅಲ್ಲೇ ಉಳಿಯಿತು. ಬಿಸಿ ಹಬೆ ಬೆರಳಿಗೆ ಬಡಿಯುತ್ತಿದ್ದರೂ ತೆಗೆಯಲಿಲ್ಲ.

“ನಲವತ್ತು ವರ್ಷದ ಹಿಂದ?”

“ಹೂಂ.”

“ಅಜ್ಜಿಗೆ ಹೇಳಿದ್ರೇನು?”

“ಹೆಂಗ ಹೇಳ್ಲಿ ರಂಗೂ? ಅವ್ವ ಹಟಾ ಹಿಡಿದು ಕೂಡಿಸಿದ ಲಗ್ನ. ನಿನ್ನಿಂದ ಆತು ಅಂತ ಆಕಿಗೆ ಹೇಳಿದ್ರ ಆಕಿ ಮುರದು ಬೀಳ್ತಿದ್ಲು.”

“ನಾ ಮುರೀಲಿಲ್ಲೇನು?”

ಅವರು ತಲೆ ತಗ್ಗಿಸಿದರು.

“ಆಕಿ ಹತ್ತು ವರ್ಷ ನನ್ನ ಅಂದ್ಲು. ನೀವು ಇಲ್ಲೇ, ಇದs ತಾಟಿನ ಮುಂದ ಕೂತು ಕೇಳಿದ್ರಿ. ಸದೂ ಹೋದ ದಿನಾನೂ ಅಂದ್ಲು. ಅವತ್ತೂ ನೀವು ಕೇಳಿದ್ರಿ. ಆಗ ನಿಮ್ಮ ಕಿವಿ ಛಲೋ ಇದ್ವಲ್ಲ?”

“ರಂಗೂ...”

ಒಂದು ಸಂಗತಿ ಆಗ ಅವಳಿಗೆ ನೆನಪಾಯಿತು. ವಿಕ್ರಮ ಹುಟ್ಟಿದ ದಿನ ಇವರು ಆಸ್ಪತ್ರೆಗೆ ಒಂದು ಹಿತ್ತಾಳೆ ತಾಟು, ಸೌಟು ಹಿಡಿದು ಬಂದು, ಕೂಸಿನ ಕಿವಿಯ ಹತ್ತಿರ ಢಣಢಣ ಬಾರಿಸಿದ್ದರು. ಕೂಸು ಬೆಚ್ಚಿ ಕಿರುಚಿತ್ತು. ಇವರ ಕಣ್ಣಲ್ಲಿ ನೀರು. ನರ್ಸು ಬೈದಿದ್ದಳು. ಗಂಡುಮಗ ಹುಟ್ಟಿದ ಸಂಭ್ರಮ ಎಂದು ಅವಳು ಮೂವತ್ತೈದು ವರ್ಷ ಎಲ್ಲರಿಗೂ ನಗುನಗುತ್ತ ಹೇಳುತ್ತ ಬಂದಿದ್ದಳು.

“ಸಂಭ್ರಮ ಆಗಿದ್ದಿಲ್ಲ ಅದು,” ಎಂದಳು. “ಅಂಜಿಕಿ. ಅಂಜಿಕಿ ಸುದ್ದಾ ನೀವೊಬ್ಬರs ಇಟ್ಟುಕೊಂಡ್ರಿ. ತಪ್ಪು ಅಷ್ಟs ನಂಗ ಕೊಟ್ರಿ.”

ಎದ್ದು ಹೋದಳು. ಬಿಂದುಮಾಧವರು ಬೇಕೆಂದೇ ಮಷಿನ್ನು ತೆಗೆಯಲಿಲ್ಲವೋ, ಮರೆತರೋ, ಒಳಗೆ ಅವಳು ಪಾತ್ರೆ ತಿಕ್ಕುವ ಸದ್ದನ್ನು ಅಷ್ಟು ಹೊತ್ತೂ ಕೇಳುತ್ತ ಕೂತರು.

ಆವತ್ತಿನಿಂದ ರಂಗೂಬಾಯಿ ಗಂಡನ ಜೊತೆ ಮಾತು ಬಿಟ್ಟಳು. ಚಹಾ ಕೊಡುವಳು, ಊಟಕ್ಕೆ ಬಡಿಸುವಳು, ಬಿ.ಪಿ. ಗುಳಿಗೆಯನ್ನು ನೀರಿನ ಲೋಟದ ಪಕ್ಕ ಇಡುವಳು. ಮಾತಿಲ್ಲ. ಬೇಕಾದದ್ದನ್ನು ವಿಕ್ರಮನ ಮೂಲಕ ಹೇಳಿಸುವಳು: “ಅವರಿಗೆ ಹೇಳು, ಧೋತರ ಒಣಗ್ಯಾವ ಅಂತ.” ಮಂಜರಿ ಬಂದು ಗೋಗರೆದಳು. “ಇಷ್ಟು ವಯಸ್ಸಿನ್ಯಾಗ ಏನಮ್ಮಾ ಇದು? ಆಗಿದ್ದು ಆಗಿಹೋತು. ಅಪ್ಪ ಎರಡು ದಿನದಿಂದ ಬರೇ ಮಜ್ಜಿಗಿ ಅನ್ನ ಉಣಲಿಕ್ಹತ್ಯಾನ.”

“ಉಣ್ಣಲಿ. ನಾ ಬ್ಯಾಡ ಅಂದೀನೇನು?”

“ನೀ ಒಂದು ಮಾತು ಆಡು.”

“ನಲವತ್ತು ವರ್ಷ ಒಂದು ಮಾತು ಅವರ ಕಡೆ ಇತ್ತು. ನಾ ಬಿಟ್ಟು ಇನ್ನೂ ಒಂದು ವಾರ ಆತು.”

*

ಹೋಳಿಗೆ ಎರಡು ದಿನ ಇರುವಾಗ ಸಾಯಲಿ ತಾನೇ ಬಂದಳು, ಒಬ್ಬಳೇ, ಎಸ್‌ಟಿ ಬಸ್ಸಿನಲ್ಲಿ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮಂದಾತಾಯಿ ಕೊಟ್ಟ ಇಂದ್ರಾಯಣಿ ಅಕ್ಕಿ. ರಿಪೋರ್ಟು ವಿಕ್ರಮನ ಫೋನಿಗೆ ಬಂದಿತ್ತು. ಅವನು ನಡುಮನೆಯಲ್ಲಿ ನಿಂತು ಓದಿ ಹೇಳಿದ. ವಿಕ್ರಮನ ರಕ್ತದಲ್ಲಿ ಆ ದೋಷ ಇದೆ, ಒಂದೇ ಕಡೆಯದು. ಸಾಯಲಿಯಲ್ಲಿ ಇಲ್ಲ. ಮಗುವಿನ ಕಿವಿಗೆ ಇದರಿಂದ ಚಿಂತೆಯಿಲ್ಲ. ಸದಾನಂದನಿಗೆ ಮಾತ್ರ ತಂದೆತಾಯಿ ಇಬ್ಬರಿಂದಲೂ ಅದು ಬಂದಿರಬೇಕು ಎಂದು ಡಾಕ್ಟರಬಾಯಿ ಫೋನಿನಲ್ಲಿ ಹೇಳಿದ್ದಳು.

“ಅಂದ್ರ ಸೌತಿಕಾಯಿ ಅಲ್ಲ,” ಎಂದಳು ರಂಗೂಬಾಯಿ.

“ಅಲ್ಲಮ್ಮಾ.”

“ಇನ್ನೊಮ್ಮೆ ಓದು.”

ಅವನು ಇನ್ನೊಮ್ಮೆ ಓದಿದ. ಅವಳು ಗೋಡೆಯ ಮೇಲಿನ ಫೋಟೋದ ಧೂಳನ್ನು ಸೆರಗಿನಿಂದ ಒರೆಸಿ ಅಡಿಗೆಮನೆಗೆ ಹೋದಳು. ಸಾಯಲಿ ಹಿಂದೆಯೇ ಬಂದು ಅಕ್ಕಿಯನ್ನು ಡಬ್ಬಿಗೆ ಸುರಿಯತೊಡಗಿದಳು.

“ನಿಮ್ಮ ಮಮ್ಮಿ ಇನ್ನೂ ಶೀ ಅಂತಾರೇನು?” ರಂಗೂಬಾಯಿ ಕೇಳಿದಳು.

“ಅಂತಾಳ. ಆದ್ರ ಈಗ ಪಂಜಾಬಿನವರಿಗೆ ಅಂತಾಳ.” ಸಾಯಲಿ ಡಬ್ಬಿಯ ಮುಚ್ಚಳ ಹಾಕಿದಳು. “ಆಯಿ, ನಂಗೂ ಇನ್ನಾ ಒಂಥರಾ ಅನಸ್ತದ. ಸುಳ್ಳು ಹೇಳೂದಿಲ್ಲ. ಆದ್ರ ನಾ ಸಿಟ್ಟಾಗಿದ್ದು ಅದಕ್ಕಲ್ಲ. ಎಲ್ಲಾರಿಗೂ ಗೊತ್ತಿದ್ದು ನಂಗೊಬ್ಬಾಕಿಗೆ ಗೊತ್ತಿರಲಿಲ್ಲ, ಅದಕ್ಕ.”

“ನಂಗ ಗೊತ್ತಾತವಾ ಅದು ಹೆಂಗಿರ್ತದ ಅಂತ,” ಎಂದಳು ರಂಗೂಬಾಯಿ.

ಹುಣ್ಣಿಮೆಯ ದಿನ ಬಂತು. ಹೋಳಿಗೆಯೆಲ್ಲ ಹಿಂದಿನ ದಿನವೇ ಆಗಿತ್ತು. ಬಿಂದುಮಾಧವರು ಬೆಳಿಗ್ಗೆಯೇ ಸ್ನಾನ ಮಾಡಿ ಉಪ್ಪಿನಕಾಯಿ, ಮೊಸರು, ಕುಡಿಯುವ ನೀರು ಎಲ್ಲದರ ಮೇಲೂ ದರ್ಭೆಯ ಎಳೆ ಹಾಕಿದ್ದರು. ಮೂರೂ ಇಪ್ಪತ್ತಕ್ಕೆ ಸ್ಪರ್ಶ, ಆರೂ ಮುಕ್ಕಾಲರ ಮೇಲೆ ಮೋಕ್ಷ, ಚಂದ್ರ ಗ್ರಹಣ ಹಿಡಿದೇ ಮೂಡುವುದು ಎಂದು ಕ್ಯಾಲೆಂಡರು ನೋಡಿ ಸಾರಿದ್ದರು. ಕೆಳಗೆ ಸೊಸೈಟಿಯ ಅಂಗಳದಲ್ಲಿ ನಿನ್ನೆ ಸುಟ್ಟ ಹೋಳಿಯ ಬೂದಿ ಹಾಗೇ ಇತ್ತು. ಅಡಿಗೆಮನೆಯ ಕಟ್ಟೆ ಖಾಲಿ, ಗ್ಯಾಸು ಮುಚ್ಚಿತ್ತು. ಚಾಕು, ಈಳಿಗೆ ಎಲ್ಲ ರಂಗೂಬಾಯಿ ತಾನೇ ಹಿಂದಿನ ರಾತ್ರಿ ಮೇಲಿನ ಅಟ್ಟಕ್ಕೆ ಸೇರಿಸಿದ್ದಳು.

ಐದು ಗಂಟೆಯ ಹೊತ್ತಿಗೆ ಸಾಯಲಿ ಸೋಫಾದ ಮೇಲೆ ಕೂತಲ್ಲೇ ಅತ್ತಿತ್ತ ಮಾಡತೊಡಗಿದಳು. ಅವಳಿಗೂ ಈಗ ಐದನೇ ತಿಂಗಳು.

“ಏನಾತವಾ?”

“ಏನಿಲ್ಲ ಆಯಿ.”

“ಹಸಿವಿ ಆಗೇದ?”

“ನೀವು ಅಂದ್ರಲ್ಲ, ಏಳರತನಕಾ...”

ರಂಗೂಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದು ಹತ್ತಿ, ವಿಕ್ರಮ ಬೇಡ ಬೇಡ ಎನ್ನುತ್ತಿದ್ದಂತೆಯೇ, ಅಟ್ಟದಿಂದ ಈಳಿಗೆ ಇಳಿಸಿದಳು. ಇಳಿದು, ಸೆರಗು ಸರಿಮಾಡಿ, ಸೋಫಾದ ಮೂಲೆಗೆ ತಿರುಗಿದಳು. ಎರಡು ವಾರದ ಮೇಲೆ ಮೊದಲ ಸಲ ನೇರ ಗಂಡನ ಮುಖ ನೋಡಿ ಮಾತಾಡಿದಳು.

“ಕೆಳಗ ಹೋಗಿ ಎರಡು ಸೌತಿಕಾಯಿ ತೊಗೊಂಡು ಬರ್ರಿ. ಎಳೇವು ಇರಲಿ.”

ಬಿಂದುಮಾಧವರು ಗಡಬಡಿಸಿ ಎದ್ದರು. ಚಪ್ಪಲಿ ಅದಲುಬದಲು ಮೆಟ್ಟಿ, ಮತ್ತೆ ಸರಿಪಡಿಸಿಕೊಂಡು, ಕೈಚೀಲ ಹಿಡಿದು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ಹದಿನೈದು ನಿಮಿಷಕ್ಕೆ ಏದುಸಿರು ಬಿಡುತ್ತ ಬಂದರು. ಚೀಲದಲ್ಲಿ ಎರಡಲ್ಲ, ಆರು ಇದ್ದವು.

ರಂಗೂಬಾಯಿ ಈಳಿಗೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು.

“ರಂಗೂ,” ಎಂದರು ಅವರು, ಚೀಲ ಕೊಡದೆ. “ಗ್ರಹಣ ಇನ್ನಾ ಬಿಟ್ಟಿಲ್ಲ.”

“ಗೊತ್ತದ ನಂಗ. ಉಪ್ಪಿನ ಡಬ್ಬಿ ತೊಗೊಂಡು ಬರ್ರಿ.”

ಅವಳು ಒಂದು ಸೌತೆಕಾಯಿಯ ತುದಿ ಕೊಯ್ದು, ಆ ತುಂಡಿನಿಂದಲೇ ಕೊಯ್ದಲ್ಲಿ ಗರಗರ ತಿಕ್ಕಿದಳು. ಬಿಳಿಯ ನೊರೆ ಬಂತು. ನೊರೆ ಒರೆಸಿ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ತಾಟನ್ನು ಸಾಯಲಿಯ ಮಡಿಲಿಗೆ ಇಟ್ಟಳು. ಒಂದು ಬಿಲ್ಲೆ ತಾನು ತೆಗೆದುಕೊಂಡು ಎದ್ದು ನಿಂತಳು, ಆವತ್ತು ಧಾರವಾಡದಲ್ಲಿ ನಿಂತ ಹಾಗೆ, ಬಾಗಿಲಿಗೆ ಮುಖ ಮಾಡಿ. ಬಾಗಿಲಲ್ಲಿ ಉಪ್ಪಿನ ಡಬ್ಬಿ ಹಿಡಿದು ಬಿಂದುಮಾಧವರು ನಿಂತಿದ್ದರು. ಅವಳು ಡಬ್ಬಿಗೆ ಬೆರಳು ಹಾಕಿ, ಬಿಲ್ಲೆಗೆ ಉಪ್ಪು ಸವರಿ ಕಚ್ಚಿದಳು. ಕರುಂ ಎಂದು ಸದ್ದಾಯಿತು. ಅದು ಬಿಂದುಮಾಧವರಿಗೂ ಕೇಳಿಸಿತು. ಇವತ್ತು ಅವರು ಮಷಿನ್ನು ತೆಗೆದಿಟ್ಟಿರಲಿಲ್ಲ.